ಎಳೆ ತಪ್ಪಿದ್ದು ಸೊಬಗಲ್ಲ

ಕೈಮಗ್ಗದ ಸೀರೆ ಕೊಂಡರೆ ಅದರ ಜೊತೆ ಒಂದು ಚೀಟಿ ಬರುತ್ತದೆ. ದಪ್ಪ ಕಾಗದ, ಮಣ್ಣಿನ ಬಣ್ಣ, ಕಟ್ಟೋಕೆ ಒಂದು ದಾರ. ಅದರಲ್ಲಿರುವ ಮಾತು ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ. ಬಟ್ಟೆಯಲ್ಲಿ ಅಲ್ಲಲ್ಲಿ ಕಾಣುವ ಸಣ್ಣಪುಟ್ಟ ದೋಷಗಳು ದೋಷಗಳಲ್ಲ, ಅವೇ ಕೈಮಗ್ಗದ ಸೊಬಗು. ಶಿವಮೊಗ್ಗದ ಮೇಳವೊಂದರಲ್ಲಿ ನಾನು ಕೊಂಡ ಸೀರೆಗೂ ಇದೇ ಚೀಟಿ ಕಟ್ಟಿದ್ದರು. ಬರೆದವರ ಮನಸ್ಸು ಒಳ್ಳೆಯದೇ. ಮಿಲ್ ಬಟ್ಟೆಗೆ ಒಗ್ಗಿಹೋದ ನಾವು ಒಂದು ಗಂಟು ಕಂಡರೂ ಸೀರೆ ವಾಪಸ್ ಕೊಡುತ್ತೇವೆ. ಹಾಗೆ ಆಗದಿರಲಿ ಅಂತ ಬರೆದಿರುತ್ತಾರೆ. ಆದರೂ ಆ ಸಾಲು ನನ್ನನ್ನು ಕೊರೆಯುತ್ತಲೇ ಇದೆ. ಯಾಕಂದರೆ ಮಗ್ಗದಲ್ಲಿ ಕೂತು ನೇಯುವವರು ಯಾರೂ ಈ ಮಾತು ಹೇಳಿದ್ದನ್ನು ನಾನು ಕೇಳಿಲ್ಲ. ಅವರ ಗಮನವೆಲ್ಲ ಇರುವುದು ಆ ದೋಷ ಬರದ ಹಾಗೆ ನೋಡಿಕೊಳ್ಳುವುದರಲ್ಲಿ.

ನನ್ನ ತವರು ಸಾಗರದ ಕಡೆ. ಊರಿನ ಹತ್ತಿರ ಒಂದು ನೇಯ್ಗೆ ಶೆಡ್ ಇದೆ. ಮಲೆನಾಡಿನ ಕೈಮಗ್ಗ ಅಂದ ಕೂಡಲೇ ಎಲ್ಲರಿಗೂ ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕ ಸಂಘ ನೆನಪಾಗುತ್ತದೆ. ಇದು ಅದಲ್ಲ, ಅದಕ್ಕಿಂತ ತುಂಬ ಚಿಕ್ಕದು. ಕೆಲವೇ ಮಗ್ಗ, ಎಲ್ಲದರಲ್ಲೂ ಹೆಂಗಸರು. ಊರಿಗೆ ಹೋದಾಗಲೆಲ್ಲ ಅಲ್ಲಿ ಸ್ವಲ್ಪ ಹೊತ್ತು ಕೂತು ಬರುವುದು ನನಗೆ ರೂಢಿ. ಅಲ್ಲಿ ನೇಯುವ ಒಬ್ಬ ಅಕ್ಕ ನಮ್ಮ ಮನೆಗೆ ಹಿಂದೆ ಅಡಿಕೆ ಸುಲಿಯಲು ಬರುತ್ತಿದ್ದವರು. ಅವರ ಮಗ್ಗದ ಪಕ್ಕದಲ್ಲೇ ನನಗೆ ಜಾಗ.

## ಪುನರ್ವಸು ಮಳೆಯ ಮಧ್ಯಾಹ್ನ

ಅವತ್ತು ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿತ್ತು. ಮೂರು ಗಂಟೆಗೇ ಕತ್ತಲು. ಕರೆಂಟ್ ಬೆಳಗ್ಗೆಯೇ ಹೋಗಿತ್ತು. ಮಾಡಿನಲ್ಲಿ ಎರಡು ಗಾಜಿನ ಹಂಚು ಇದ್ದವು, ಬೆಳಕು ಅಂದರೆ ಅಷ್ಟೇ. ಕೈಮಗ್ಗಕ್ಕೆ ಕರೆಂಟ್ ಬೇಡ ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. ಮಗ್ಗಕ್ಕೆ ಬೇಡ, ನಿಜ. ಕಣ್ಣಿಗೆ ಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆ ಹಾಸು, ಅದರ ನಡುವೆ ಅಡ್ಡಕ್ಕೆ ಹಾಯುವ ಎಳೆ ಹೊಕ್ಕು. ಅಕ್ಕ ನೇಯುತ್ತಿದ್ದದ್ದರಲ್ಲಿ ಹಾಸೂ ನೀಲಿ, ಹೊಕ್ಕೂ ನೀಲಿ, ಹೆಚ್ಚುಕಮ್ಮಿ ಕಪ್ಪಿಗೆ ತಿರುಗಿದ ನೀಲಿ. ಜುಲೈ ತಿಂಗಳ ಮಧ್ಯಾಹ್ನ ಮಲೆನಾಡಿನಲ್ಲಿ ಕೂತು ಕಪ್ಪು ನೂಲಿನಲ್ಲಿ ಒಂದು ಎಳೆ ಕಡಿದಿದ್ದು ಕಾಣಬೇಕಾದರೆ ಎಂಥ ಕಣ್ಣು ಬೇಕು, ನೀವೇ ಯೋಚಿಸಿ.

ಆ ಎಳೆ ಅವರಿಗೂ ಕೂಡಲೇ ಕಾಣಲಿಲ್ಲ. ನೇಯ್ದ ಬಟ್ಟೆಯ ಮೇಲೆ ಅಂಗೈ ಸವರಿದಾಗ ಗೊತ್ತಾಯಿತು. ಕೈ ನಿಂತಿತು. ಬೆರಳ ತುದಿಯಲ್ಲಿ ಆ ಜಾಗ ಹಿಡಿದು, ಬಗ್ಗಿ, ಬೆಳಕಿಗೆ ಓರೆ ಮಾಡಿ ನೋಡಿದರು. ಹಾಸಿನ ಒಂದು ಎಳೆ ಕಡಿದು ಪಕ್ಕದ್ದಕ್ಕೆ ಸುತ್ತಿಕೊಂಡಿತ್ತು. ಆ ಎರಡು ಎಳೆ ಸರಿಯಾಗಿ ಮೇಲೆ ಕೆಳಗೆ ಆಗಿರಲಿಲ್ಲ. ಹಾಗಾಗಿ ಅಲ್ಲಿ ಹೊಕ್ಕಿನ ನೂಲು ಹೆಣೆದುಕೊಳ್ಳದೆ ಸುಮ್ಮನೆ ಮೇಲಿಂದ ಹಾದುಹೋಗಿತ್ತು. ಆಗಲೇ ಅದರ ಮುಂದೆ ಮೂರು ಇಂಚು ಬಟ್ಟೆ ಆಗಿತ್ತು. ಇಂಚಿಗೆ 60 ಹೊಕ್ಕು ಅಂದರೆ 180 ಎಳೆ.

ಪಕ್ಕದ ಮಗ್ಗದವಳು ಎದ್ದು ಬಂದು ನೋಡಿದಳು. "ಬಿಡೇ ಅಕ್ಕಾ, ಕಾಳಿನಷ್ಟಿದೆ. ಯಾರಿಗೆ ಕಾಣ್ತದೆ?"

"ಕಾಣೂದು ಹಾಗಿರಲಿ. ಉಟ್ಟವರ ಬಳೆ ಸಿಕ್ಕಿ ಎಳೆ ಕಿತ್ತು ಬಂದ್ರೆ ಎಂತ ಮಾಡೂದು?" ಅಂದರು ಅಕ್ಕ.

ಆಮೇಲೆ ಬಿಚ್ಚಲು ಶುರು ಮಾಡಿದರು. ನೇಯುವುದನ್ನು ನೋಡಲು ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಹೊಕ್ಕಿನ ನೂಲು ಹೊತ್ತು ಆಚೀಚೆ ಓಡುವ ಲಾಳಿಯ ವಿಡಿಯೋ ಮಾಡುತ್ತಾರೆ. ಬಿಚ್ಚುವುದನ್ನು ಯಾರೂ ನೋಡಿರುವುದಿಲ್ಲ. ಕಾಲ್ಮಣೆಗಳನ್ನು ಹಿಂದುಮುಂದಾಗಿ ತುಳಿಯಬೇಕು. ಕೊನೆಗೆ ಹಾಕಿದ ಎಳೆ ಯಾವುದೋ ಅದರ ಬಾಯಿ, ಅಂದರೆ ಹಾಸಿನ ಎಳೆಗಳ ನಡುವಿನ ಸಂದು, ತೆರೆದುಕೊಳ್ಳುತ್ತದೆ. ಅದನ್ನು ಹೊರಗೆಳೆದು, ಲಾಳಿಯೊಳಗೆ ನೂಲು ಸುತ್ತಿಡುವ ಕಂಡಿಕೆಗೆ ಸುತ್ತಬೇಕು. ಆಮೇಲೆ ಅದರ ಹಿಂದಿನದು. ಆಮೇಲೆ ಅದರ ಹಿಂದಿನದು. ಕತ್ತರಿ ಹಾಕಿ ಕತ್ತರಿಸಿ ಕಿತ್ತುಬಿಡಬಹುದು, ಬೇಗ ಆಗುತ್ತದೆ. ಆದರೆ ಬಣ್ಣ ಹಾಕಿದ ನೂಲು ದಂಡ. ಹಾಸಿನ ಎಳೆಗೆ ಕತ್ತರಿ ತಾಗಿದರೆ ಇನ್ನೊಂದು ಕೆಲಸ. ಅಕ್ಕ ಒಂದೊಂದೇ ತೆಗೆದರು. ಕಡಿದ ಎಳೆಗೆ ಒಂದು ತುಂಡು ನೂಲು ಸೇರಿಸಿ ಗಂಟು ಹಾಕಿದರು, ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯ ಅದೇ ಹಲ್ಲಿನ ಸಂದಿನಲ್ಲಿ ಮುಂದಕ್ಕೆ ತಂದರು, ಒಂದು ಗುಂಡುಸೂಜಿಗೆ ಸುತ್ತಿ ಬಿಗಿ ಮಾಡಿದರು. ಮತ್ತೆ ಲಾಳಿ ಹಿಡಿಯುವ ಹೊತ್ತಿಗೆ ಚಹಾದ ಹೊತ್ತು ಕಳೆದೇ ಹೋಗಿತ್ತು.

ಆ ಗಂಟಿನ ಬಗ್ಗೆ ಒಂದು ಮಾತು. ಮನೆಯಲ್ಲಿ ನಾವು ಹಾಕುವ ಗಂಟು ಹಾಕಿದರೆ ಅದು ಉಬ್ಬಿ ನಿಲ್ಲುತ್ತದೆ. ಹಣಿಗೆಯ ಹಲ್ಲಿಗೆ ಸಿಕ್ಕಿ ಮತ್ತೆ ಕಡಿಯುತ್ತದೆ. ನೇಕಾರರ ಗಂಟು ಬೇರೆ. ಒಂದು ತುದಿಯನ್ನು ಕುಣಿಕೆ ಮಾಡಿ ಇನ್ನೊಂದನ್ನು ಅದರೊಳಗೆ ಹಾಯಿಸಿ ಎಳೆದರೆ ಚಪ್ಪಟೆಯಾಗಿ ಕೂರುತ್ತದೆ. ಎಳೆದಷ್ಟೂ ಬಿಗಿ. ಅಕ್ಕ ಅದನ್ನು ಕಣ್ಣು ಬೇರೆಲ್ಲೋ ಇಟ್ಟುಕೊಂಡು ಎರಡು ಬೆರಳಲ್ಲಿ ಹಾಕುತ್ತಾರೆ. ಅಷ್ಟು ಚೆನ್ನಾಗಿ ಹಾಕಿದ ಗಂಟು ಬಟ್ಟೆಯ ಮೇಲೆ ಹುಡುಕಿದರೂ ಸಿಗುವುದು ಕಷ್ಟ. ಅವರ ಜಾಣ್ಮೆ ಇರುವುದು ಆ ಕಾಣದಿರುವುದರಲ್ಲಿ. ಚೀಟಿ ಬರೆದವರು ಕಂಡದ್ದನ್ನೇ ಜಾಣ್ಮೆ ಅನ್ನುತ್ತಾರೆ.

## ಲಾಳಿ ಓಡುವ ಮೊದಲು

ಎಳೆ ಕಡಿಯುವುದು, ತಪ್ಪುವುದು ಹೆಚ್ಚಾಗಿ ಮಗ್ಗದಲ್ಲಿ ಹುಟ್ಟುವ ತೊಂದರೆಯಲ್ಲ. ಅದಕ್ಕೂ ಮೊದಲೇ ಹುಟ್ಟಿರುತ್ತದೆ. ನೂಲು ಲಡಿಯಲ್ಲಿ, ಅಂದರೆ ಸುತ್ತಿ ಕಟ್ಟಿದ ಸುರುಳಿಯಲ್ಲಿ ಬರುತ್ತದೆ. ಒಂದು ಲಡಿಗೆ 840 ಗಜ. ಅಂಥ 40 ಲಡಿ ಸೇರಿ ಒಂದು ಪೌಂಡ್ ತೂಗಿದರೆ ಅದು 40ರ ನೂಲು. ಅಂದರೆ ಅರ್ಧ ಕೆಜಿಗೂ ಕಮ್ಮಿ ತೂಕದಲ್ಲಿ 30 ಕಿಲೋಮೀಟರಿಗೂ ಜಾಸ್ತಿ ಉದ್ದ, ಸಾಗರದಿಂದ ಜೋಗಕ್ಕೆ ಹೋಗುವಷ್ಟು ದಾರಿ. ಅಷ್ಟುದ್ದದ ಎಳೆ ಬಣ್ಣದ ಹಂಡೆಯಲ್ಲಿ ಮುಳುಗಿ, ಒಣಗಿ, ರಾಟೆಯಲ್ಲಿ ಬಾಬಿನ್ನಿಗೆ ಸುತ್ತಿಕೊಂಡು, ಗಂಜಿ ಕುಡಿದು ಮಗ್ಗಕ್ಕೆ ಬರುವ ಹೊತ್ತಿಗೆ ಎಷ್ಟು ಕೈ ದಾಟಿರುತ್ತದೆ! ಎಲ್ಲಿ ಒಬ್ಬರು ಸಿಕ್ಕು ಬಿಡಿಸದೆ ಜಗ್ಗಿದರೂ ಅಲ್ಲಿ ಎಳೆ ಸೊರಗುತ್ತದೆ. ಕಡಿಯುವುದು ಮಾತ್ರ ನೇಯುವವಳ ಕೈಯಲ್ಲಿ.

ಇನ್ನು ಹಾಸು ಏರಿಸುವುದು. 48 ಇಂಚು ಅಗಲ, ಇಂಚಿಗೆ 60 ಎಳೆ ಅಂದರೆ 2,880 ಎಳೆ. ಪ್ರತಿಯೊಂದೂ ಮೊದಲು ಎಳೆಯನ್ನು ಎತ್ತಿ ಇಳಿಸುವ ದಾರದಲ್ಲಿರುವ ತನ್ನದೇ ಕಣ್ಣಿನೊಳಗೆ ಹೋಗಬೇಕು, ಆಮೇಲೆ ಹಣಿಗೆಯ ಹಲ್ಲಿನ ಸಂದಿಗೆ ಎರಡೆರಡರಂತೆ ಹೋಗಬೇಕು. ಹಣಿಗೆಯನ್ನು ಈಗ ಶೆಡ್‌ಗಳಲ್ಲಿ ರೀಡ್ ಅಂತಲೇ ಕರೆಯುತ್ತಾರೆ. ಇಬ್ಬರು ಎದುರುಬದುರು ಕೂರುತ್ತಾರೆ. ಒಬ್ಬಳು ಎಳೆ ಆರಿಸಿ ಕೊಡುತ್ತಾಳೆ, ಇನ್ನೊಬ್ಬಳು ಕೊಕ್ಕೆಯಿಂದ ಈಚೆಗೆ ಎಳೆದುಕೊಳ್ಳುತ್ತಾಳೆ. ಒಂದು ಎಳೆ ಅಡ್ಡಾದಿಡ್ಡಿ ಹೋದರೆ ಆ ತಪ್ಪು ಒಂದು ಕಡೆ ನಿಲ್ಲುವುದಿಲ್ಲ. ಆ ಹಾಸು ಮುಗಿಯುವವರೆಗೆ, ಎಲ್ಲಾ ಸೀರೆಗಳ ಉದ್ದಕ್ಕೂ ಗೆರೆಯಾಗಿ ಬರುತ್ತದೆ. ಅದೇ ಎಳೆ ಲೆಕ್ಕ, ಅದೇ ವಿನ್ಯಾಸ ಮುಂದುವರಿಯುವುದಾದರೆ ಹೊಸ ಹಾಸಿನ ತುದಿಗಳನ್ನು ಹಳೆಯದರ ತುದಿಗೆ ಒಂದೊಂದಾಗಿ ಬೆಸೆದರೆ ಸಾಕು. ಆಗಲೂ 2,880 ಬೆಸುಗೆ.

ಇದೆಲ್ಲ ಆದಮೇಲೆ ನಾವು ನೇಯ್ಗೆ ಅಂತ ಕರೆಯುವ ಕೆಲಸ ಶುರು. ಕಾಲು ತುಳಿದರೆ ಹಾಸು ಬಾಯಿ ತೆರೆಯುತ್ತದೆ. ಬಲಗೈ ಹಗ್ಗ ಜಗ್ಗಿದರೆ ಲಾಳಿ ಆಚೆ ಹೋಗುತ್ತದೆ. ಎಡಗೈ ಹಣಿಗೆಯ ಚೌಕಟ್ಟನ್ನು ಎಳೆದು ಹೊಕ್ಕನ್ನು ಕೂರಿಸುತ್ತದೆ. ಹೇಳಿದರೆ ಇಷ್ಟೇ. ಒಂದು ಮೀಟರಿಗೆ ಸುಮಾರು 2,360 ಸಲ, ಐದೂವರೆ ಮೀಟರ್ ಸೀರೆಗೆ ಸುಮಾರು 13 ಸಾವಿರ ಸಲ. ಅಷ್ಟೂ ಬಡಿತ ಒಂದೇ ತೂಕದ್ದಾಗಿರಬೇಕು. ಅದಕ್ಕೆ ತೋಳಿನ ಬಲ ಒಂದೇ ಸಾಲದು. ನೇಯ್ದ ಹಾಗೆ ಬಟ್ಟೆಯ ಅಂಚು ನೇಯುವವಳ ಕಡೆಯಿಂದ ಹಣಿಗೆಯ ಕಡೆಗೆ ಸರಿಯುತ್ತಾ ಹೋಗುತ್ತದೆ, ಬಡಿತ ಬೀಳುವ ರೀತಿಯೇ ಬದಲಾಗುತ್ತದೆ. ಒಂದೇ ಸಮ ನೇಯ್ದುಬಿಟ್ಟು ಆಮೇಲೆ ಒಟ್ಟಿಗೆ ಸುತ್ತಿಕೊಂಡರೆ ಬಟ್ಟೆಯಲ್ಲಿ ದಟ್ಟ, ತೆಳು, ದಟ್ಟ, ತೆಳು ಅಂತ ಪಟ್ಟಿ ಬೀಳುತ್ತದೆ. ಅದಕ್ಕೇ ಕೈ ತಿಳಿದವರು ಎರಡು ಮೂರು ಇಂಚಿಗೊಮ್ಮೆ ಸ್ವಲ್ಪ ಸ್ವಲ್ಪವೇ ಹಾಸು ಬಿಟ್ಟು ಬಟ್ಟೆ ಸುತ್ತಿಕೊಳ್ಳುತ್ತಾರೆ. ಊಟಕ್ಕೆ ಎದ್ದು ಬಂದು ಮತ್ತೆ ಕೂತಾಗ ಮೊದಲ ನಾಲ್ಕೈದು ಬಡಿತ ಹಗುರ. ಬಿಗಿಯಾಗಿ ನಿಂತ ಹಾಸು ಅಷ್ಟರಲ್ಲಿ ಸಡಿಲವಾಗಿರುತ್ತದೆ, ಅದರ ಹದ ಮತ್ತೆ ಕೈಗೆ ಸಿಗಬೇಕು. ಎದ್ದುಹೋದ ಜಾಗದಲ್ಲಿ ಒಂದು ಗೆರೆ ಉಳಿದರೆ ಅವರಿಗೆ ಅದು ಅವಮಾನ. ಕಂಡಿಕೆ ಮುಗಿದು ಹೊಸದು ಹಾಕುವಾಗಲೂ ಹಳೆಯ ತುದಿ, ಹೊಸ ತುದಿ ಒಂದೇ ಬಾಯಲ್ಲಿ ಒಂದಿಂಚು ಜೊತೆಗೆ ಮಲಗಬೇಕು. ಅಷ್ಟೇ, ಹೆಚ್ಚಾದರೆ ದಪ್ಪ ಕಾಣುತ್ತದೆ.

ಇಷ್ಟೆಲ್ಲ ಎಚ್ಚರ ಯಾತಕ್ಕೆ? ಸಮನಾದ ಬಟ್ಟೆಗೆ. ಕೈಮಗ್ಗದ ಹೆಮ್ಮೆ ಅದೇ.

## ಮಳೆ ಕೊಡುವುದು, ಕೊಳ್ಳುವುದು

ಮಲೆನಾಡಿನಲ್ಲಿ ಹತ್ತಿ ಬೆಳೆಯುವುದಿಲ್ಲ. ನೇಯುವುದು ಇಲ್ಲಿನ ಬಹಳ ಮನೆಗಳ ಕುಲಕಸುಬೂ ಅಲ್ಲ. ಗದ್ದೆ, ತೋಟದ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು ಕಲಿತು ಮಾಡಿದ ಕಸುಬು ಇದು. ಚರಕ 1996ರಲ್ಲಿ ಮಹಿಳೆಯರ ಸಹಕಾರ ಸಂಘವಾಗಿ ಶುರುವಾದಮೇಲೆ ಸುತ್ತಲಿನ ಊರುಗಳಲ್ಲೂ ಆ ಆಸೆ ಹಬ್ಬಿತು. ನೂಲು ಹೊರಗಿನಿಂದ ಬರಬೇಕು. ಆದರೂ ಇಲ್ಲಿನ ಗಾಳಿ ಹತ್ತಿಗೆ ಒಳ್ಳೆಯದು. ಹತ್ತಿ ನೂಲು ತೇವ ಹೀರಿದರೆ ಗಟ್ಟಿಯಾಗುತ್ತದೆ, ಒಣಗಿದರೆ ಪೆಡಸಾಗಿ ಕಡಿಯುತ್ತದೆ. ಬಯಲುಸೀಮೆಯಲ್ಲಿ ನೆಲ ಅಗೆದು ಗುಂಡಿ ಮಗ್ಗ ಇಡುವುದಕ್ಕೆ ಅದೂ ಒಂದು ಕಾರಣ. ನೆಲದ ತಂಪು ಹಾಸಿನ ಎಳೆಗೆ ತಾಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಆ ತಂಪಿಗೆ ಬರವಿಲ್ಲ. ಅಕ್ಕನೇ ಹೇಳುತ್ತಾರೆ, ಶಿವರಾತ್ರಿ ಕಳೆದಮೇಲೆ ಎಳೆ ಕಡಿಯುವುದು ಜಾಸ್ತಿ ಅಂತ. ಆಗ ಶೆಡ್ಡಿನ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಕಿಟಕಿಗೆ ಒದ್ದೆ ಗೋಣಿ ಕಟ್ಟುತ್ತಾರೆ.

ಮಳೆ ಕೊಟ್ಟಿದ್ದನ್ನು ಬೇರೆ ಕಡೆ ಕಿತ್ತುಕೊಳ್ಳುತ್ತದೆ. ಗಂಜಿ ಹಾಕಿದ ನೂಲು ಒಣಗುವುದೇ ಇಲ್ಲ. ಎರಡು ದಿನ ಹಾಗೇ ಬಿಟ್ಟರೆ ಬೂಸಲು. ಬಣ್ಣದ ಲಡಿಗಳನ್ನು ಒಳಗೆ ಗಳದ ಮೇಲೆ ಹರವಿ, ಗಂಟೆಗೊಮ್ಮೆ ತಿರುಗಿಸುತ್ತಾ ಇರಬೇಕು. ಇಲ್ಲದಿದ್ದರೆ ನೀರು ಇಳಿದ ಕಡೆ ಬಣ್ಣವೂ ಇಳಿದು ಲಡಿಯ ಕೆಳಭಾಗ ಗಾಢವಾಗಿ ಕೂರುತ್ತದೆ.

ಬಣ್ಣದ ಮಾತು ಬಂತಲ್ಲ, ಇಲ್ಲಿ ನಾನು ಚೀಟಿಯವರ ಪರವಾಗಿಯೂ ಸ್ವಲ್ಪ ಹೇಳಬೇಕು. ಅಡಿಕೆ ಚೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರ ಬೆರಳು ತಿಂಗಳುಗಟ್ಟಲೆ ಕಪ್ಪಾಗಿರುತ್ತದೆ. ಆ ಹಟಮಾರಿ ಕಲೆಯನ್ನೇ ಬಣ್ಣ ಮಾಡಿಕೊಂಡಿದ್ದು ಮಲೆನಾಡಿನ ಕೈಮಗ್ಗದ ದೊಡ್ಡ ಬುದ್ಧಿವಂತಿಕೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರಿನಲ್ಲಿ ನೂಲು ಕುದಿಸಿದರೆ ಇಟ್ಟಿಗೆಗೆಂಪು. ಹತ್ತಿಗೆ ಬಣ್ಣ ಸುಲಭಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಅಳಲೆಕಾಯಿಯ ಒಗರು, ಪಟಿಕ ಹಾಕಿ ನೂಲನ್ನು ಮೊದಲೇ ಹದ ಮಾಡುತ್ತಾರೆ. ತುಕ್ಕು ಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ಕೊಳೆಸಿದ ರಸ ಬೆರೆತರೆ ಅದೇ ಒಗರು ಬೂದಿ ಬಣ್ಣಕ್ಕೆ, ಕಪ್ಪಿಗೆ ತಿರುಗುತ್ತದೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದೂ ಇದೇ ಕಾರಣಕ್ಕೆ.

ಈ ಬಣ್ಣ ಒಂದು ಹಂಡೆಯಿಂದ ಇನ್ನೊಂದು ಹಂಡೆಗೆ ಒಂದೇ ಥರ ಬರುವುದಿಲ್ಲ. ಅಡಿಕೆ ಎಷ್ಟು ಬಲಿತಿತ್ತು, ಚೊಗರು ಎಷ್ಟು ಸಲದ್ದು, ನೀರು ಯಾವ ಬಾವಿಯದು, ಎಲ್ಲಕ್ಕೂ ಬಣ್ಣ ಬದಲಾಗುತ್ತದೆ. ಇದು ಯಾರ ತಪ್ಪೂ ಅಲ್ಲ, ಆ ವಸ್ತುವಿನ ಗುಣ. ಹೋದ ಸಲದ ಕೆಂಪೇ ಈ ಸಲವೂ ಬೇಕು ಅಂತ ಹಟ ಹಿಡಿಯುವ ಗಿರಾಕಿಗೆ ಇದನ್ನು ತಿಳಿಸಿ ಹೇಳಲೇಬೇಕು. ಕೈಯಲ್ಲಿ ನೂತ ನೂಲಿನ ದಪ್ಪ ಸಣ್ಣವೂ ಹೀಗೇ.

ಆದರೆ ಶೆಡ್ಡಿನಲ್ಲಿ ಇದಕ್ಕೆ ಏನು ಮಾಡುತ್ತಾರೆ ಗೊತ್ತಾ? ಎರಡು ಹಂಡೆಯ ನೂಲು ಒಂದೇ ಸೀರೆಗೆ ಬಳಸಬೇಕಾಗಿ ಬಂದರೆ ಒಂದು ಮುಗಿಸಿ ಇನ್ನೊಂದು ಹಾಕುವುದಿಲ್ಲ. ಹಾಗೆ ಮಾಡಿದರೆ ಸೀರೆ ನಡುವೆ ಗಡಿ ಎಳೆದ ಹಾಗೆ ಕಾಣುತ್ತದೆ. ಎರಡು ಲಾಳಿ ಇಟ್ಟುಕೊಳ್ಳುತ್ತಾರೆ. ಇದರಿಂದ ಎರಡು ಎಳೆ, ಅದರಿಂದ ಎರಡು ಎಳೆ. ಎರಡು ಕೆಂಪು ಒಂದರೊಳಗೊಂದು ಬೆರೆತು ಮೂರನೆಯ ಕೆಂಪಾಗುತ್ತದೆ, ಗಡಿ ಎಲ್ಲೂ ಉಳಿಯುವುದಿಲ್ಲ. ಕೆಲಸ ನಿಧಾನ, ಲಾಳಿ ಬದಲಿಸುವುದು ಬೇರೆ. ವಸ್ತುವಿನ ಗುಣವನ್ನು ಒಪ್ಪಿಕೊಂಡೇ ಅದನ್ನು ಹದಕ್ಕೆ ತರುತ್ತಾರೆ. ಇದನ್ನು ಮೊದಲ ಸಲ ನೋಡಿದಾಗ ನಾನು ಬಹಳ ಹೊತ್ತು ಆ ಮಗ್ಗದ ಹತ್ತಿರವೇ ನಿಂತಿದ್ದೆ. ನನಗೆ ಸೊಬಗು ಅಂತ ಕಂಡದ್ದು ಆ ಕೆಲಸ.

## ಯಾರ ಲೆಕ್ಕಕ್ಕೆ ದೋಷ

ದೋಷವೇ ಗುರುತು ಅಂದುಬಿಟ್ಟರೆ ಇನ್ನೊಂದು ಅಪಾಯ ಇದೆ. ದೋಷವನ್ನು ಯಂತ್ರವೂ ಮಾಡುತ್ತದೆ. ಅಲ್ಲಲ್ಲಿ ಬೇಕಂತಲೇ ದಪ್ಪ ಬರುವ ಹಾಗೆ ನೂಲು ತೆಗೆಯುವ ಯಂತ್ರಗಳಿವೆ. ಆ ನೂಲನ್ನು ಪವರ್‌ಲೂಮಿಗೆ ಹಾಕಿದರೆ ಎಷ್ಟು ಬೇಕೋ ಅಷ್ಟು ಸೊಬಗು, ಕೈಮಗ್ಗಕ್ಕಿಂತ ಬಹಳ ಬೇಗ ಸಿಗುತ್ತದೆ. ಸೀರೆ, ಪಂಚೆ, ಟವೆಲ್, ಕಂಬಳಿ ಸೇರಿ 11 ಬಗೆಯ ಬಟ್ಟೆಗಳಲ್ಲಿ ಕೆಲವು ರೀತಿಯವನ್ನು ಕೈಮಗ್ಗಕ್ಕೇ ಮೀಸಲಿಟ್ಟ ಕಾನೂನು 1985ರಿಂದ ಇದೆ. ಕೈಮಗ್ಗದ್ದೇ ಅಂತ ತಿಳಿಯಲು 2006ರಿಂದ ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಅಂಗಡಿಯಲ್ಲಿ ಬಟ್ಟೆ ಮುಟ್ಟಿ ಹೇಳುವುದು ಅನುಭವ ಇದ್ದವರಿಗೂ ಕಷ್ಟ. ಗಂಟು ನೋಡಿ ನಂಬುವ ಗಿರಾಕಿ ಸುಲಭವಾಗಿ ಮೋಸಹೋಗುತ್ತಾರೆ. ಅದನ್ನು ಕಲಿಸಿದ್ದು ನಾವೇ, ಚೀಟಿ ಕಟ್ಟಿ.

ನನ್ನನ್ನು ಇದಕ್ಕಿಂತ ಜಾಸ್ತಿ ಕಾಡುವುದು ಕೂಲಿಯ ವಿಷಯ. ಮಗ್ಗದ ಕೂಲಿ ಸಾಮಾನ್ಯವಾಗಿ ಮೀಟರ್ ಲೆಕ್ಕ. ಬಟ್ಟೆ ತಂದು ಕೊಟ್ಟಾಗ ಬೆಳಕಿಗೆ ಹಿಡಿದು ನೋಡುತ್ತಾರೆ. ಎಳೆ ಬಿಟ್ಟಿದ್ದರೆ, ಪಟ್ಟಿ ಬಿದ್ದಿದ್ದರೆ ಬಹಳ ಕಡೆ ಕೂಲಿ ಕಡಿಯುತ್ತಾರೆ. ನಾನೇ ಒಂದು ಕಡೆ ನೋಡಿದೆ. ಹೀಗೆ ಕೂಲಿ ಕಡಿದ ಬಟ್ಟೆಯನ್ನು ಹೊಲಿಸಿ, ಅದೇ ಚೀಟಿ ಕಟ್ಟಿ, ಪೂರ್ತಿ ಬೆಲೆಗೆ ಮಾರಾಟಕ್ಕೆ ಇಟ್ಟಿದ್ದರು. ನೇಯ್ದವಳ ಪುಸ್ತಕದಲ್ಲಿ ದೋಷ, ಕೊಂಡವರ ಕೈಯಲ್ಲಿ ಸೊಬಗು. ಒಂದೇ ಎಳೆಗೆ ಎರಡು ಹೆಸರು ಹೇಗಾಯಿತು? ಅಲ್ಲಿದ್ದವರನ್ನು ಕೇಳಿದೆ. ಮಾರಾಟದವರು ಬೇರೆ, ಕೂಲಿ ಬರೆಯುವವರು ಬೇರೆ ಅಂದರು. ಅದು ನಿಜವೇ ಇರಬಹುದು. ಆದರೆ ಕಡಿದ ದುಡ್ಡು ಹೋಗಿದ್ದು ಒಬ್ಬ ಹೆಂಗಸಿನ ಕೈಯಿಂದ. 2019–20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಈ ಕೆಲಸ ಮಾಡುವವರು ಸುಮಾರು 35 ಲಕ್ಷ, ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಹೆಂಗಸರು.

ಮೀಟರ್ ಲೆಕ್ಕದಲ್ಲಿ ಬಿಚ್ಚಿದ ಹೊತ್ತಿಗೆ ಜಾಗವೇ ಇಲ್ಲ. ಪುನರ್ವಸು ಮಳೆಯ ಆ ಮಧ್ಯಾಹ್ನ ಅಕ್ಕನ ಮೀಟರ್ ಹಿಂದಕ್ಕೆ ಹೋಯಿತು. ಬಿಚ್ಚದೆ ಬಿಟ್ಟಿದ್ದರೆ ಅರ್ಧ ಮೀಟರ್ ಜಾಸ್ತಿ ಆಗುತ್ತಿತ್ತು. ಒಳ್ಳೆಯ ಕೈಗೆ ದಂಡ ಬೀಳುವ ಲೆಕ್ಕ ಇದು. ಹೊಸದಾಗಿ ಕಲಿಯಲು ಬರುವ ಹುಡುಗಿಯರು ಇದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ತಿಂಗಳ ಸಂಬಳ ಕೊಡುವ ಗಾರ್ಮೆಂಟ್ಸ್ ಕಡೆ ಹೋಗುತ್ತಾರೆ. ಅವರನ್ನು ತಪ್ಪು ಅನ್ನಲಾರೆ.

ಶೆಡ್ಡಿನ ಲೆಕ್ಕ ಬರೆಯುವ ಅಕ್ಕನ ಜೊತೆ ಈ ಬಗ್ಗೆ ಒಮ್ಮೆ ಕೂತು ಮಾತಾಡಿದೆ. ಅವರು ಕೈಲಿದ್ದ ಬಿಲ್ ಪುಸ್ತಕದ ಹಿಂಬದಿಯಲ್ಲೇ ಗೀಚಿ ತೋರಿಸಿದರು. "ದಿನಕ್ಕೆ 400 ರೂಪಾಯಿ ಬೀಳ್ತದೆ ಅಂತ ಇಟ್ಟುಕೊಳ್ಳಿ. ಎಂಟು ತಾಸಿಗೆ ಅಂದ್ರೆ ತಾಸಿಗೆ 50. ದಿನಾ ಒಂದು ತಾಸು ಗಂಟು ಹಾಕೂದು, ಬಿಚ್ಚೂದು ಅಂತ ಹಿಡೀರಿ. ದಿನಕ್ಕೆ ಐದು ಮೀಟರ್ ಆಗ್ತದೆ. ಮೀಟರಿಗೆ 10 ರೂಪಾಯಿ ಸೇರಿಸ್ಬೇಕು." ಐದೂವರೆ ಮೀಟರ್ ಸೀರೆಗೆ 55 ರೂಪಾಯಿ.

ಆ 55 ರೂಪಾಯಿಯನ್ನು ಬೆಲೆಯೊಳಗೆ ಮುಚ್ಚಿಡದೆ ಬಿಲ್ಲಿನಲ್ಲಿ ಬೇರೆ ಸಾಲಾಗಿಯೇ ಬರೆಯಬಹುದಲ್ವಾ ಅಂತ ಕೇಳಿದೆ. ಎಳೆ ಸರಿಮಾಡಿದ ಕೂಲಿ, ಇಷ್ಟು. ಸರಿಮಾಡಲು ಆಗದೇ ಉಳಿದ ಬಟ್ಟೆಯನ್ನು ಎರಡನೇ ದರ್ಜೆ ಅಂತಲೇ ಹೇಳಿ ಕಮ್ಮಿಗೆ ಮಾರಬಹುದು. ಚೀಲವೋ ದಿಂಬಿನ ಚೀಲವೋ ಆಗಲಿ, ಅದರ ಕೂಲಿ ಮಾತ್ರ ಕಡಿಯುವುದು ಬೇಡ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಮುಂದಿನ ಸಭೆಯಲ್ಲಿ ಎಲ್ಲರ ಮುಂದೆ ಇಡುತ್ತೇನೆ, ಆದರೆ ಕೊಳ್ಳುವವರು ಒಪ್ಪಬೇಕಲ್ಲ ಅಂದರು. ನಾನು ಒಪ್ಪಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೈಮಗ್ಗ ಉಡುವವರು, ಮಾರುವವರು ಇದ್ದರೆ ನಿಮಗೆ ಇದು ಆಗುತ್ತದಾ ಹೇಳಿ. ಅವರ ಸಭೆ ಚೌತಿ ಕಳೆದ ಮೇಲೆ.